ಡಿಸ್‌ಪ್ಲೇ ಬರವಲ್ದು: ಮನೆಯಲ್ಲಿ ಜೋಡಿಸಿದ ಕಂಪ್ಯೂಟರೂ ರ್‍ಯಾಮಿನ ಮೇಲಣ ಅಪವಾದವೂ

ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿಯೇ ಜೋಡಿಸಿದ ಕಂಪ್ಯೂಟರು ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನುಗಳನ್ನು ತಿರುಗಿಸಿ, ದೀಪಗಳನ್ನು ಬೆಳಗಿಸಿ, ಪರದೆಯನ್ನು ಮಾತ್ರ ಕಪ್ಪಾಗಿಯೇ ಉಳಿಸಿದರೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಕಡೆ ಅದಕ್ಕೆ ‘ಡಿಸ್‌ಪ್ಲೇ ಬರವಲ್ದು’ ಎನ್ನುವುದು ವಾಡಿಕೆ. ಆ ಮಾತಿನ ಬೆನ್ನಿಗೇ ‘ರ್‍ಯಾಮ್ ಹೋಗೇತಿ’ ಎಂಬ ತೀರ್ಪೂ ಹೊರಬೀಳುತ್ತದೆ. ಯಂತ್ರವು ತನ್ನ ತಾತ್ಕಾಲಿಕ ಸ್ಮೃತಿಯನ್ನು, ಎಂದರೆ ರ್‍ಯಾಮನ್ನು, ಸಿದ್ಧಗೊಳಿಸುವ ಹಂತದಲ್ಲಿ ನಿಂತುಬಿಟ್ಟಿದೆ ಎಂಬ ಊಹೆಯಷ್ಟರ ಮಟ್ಟಿಗೆ ಈ ತೀರ್ಪು ಅನೇಕ ಸಲ ಸರಿಯಾಗಿಯೇ ಇರುತ್ತದೆ. ಆದರೆ ಸ್ಮೃತಿಯ ಹಂತದಲ್ಲಿ ಯಂತ್ರ ನಿಂತಿದೆ ಎಂಬುದರಿಂದ ರ್‍ಯಾಮ್ ಪಟ್ಟಿಯೇ ಸುಟ್ಟಿದೆ ಎಂದು ಸಿದ್ಧವಾಗುವುದಿಲ್ಲ. ದೋಷವು ಪ್ರೊಸೆಸರಿನ ತಳದಲ್ಲಿ, ಮದರ್‌ಬೋರ್ಡಿನ ಸ್ಲಾಟಿನಲ್ಲಿ, ಹಳೆಯ ಬಯೋಸಿನಲ್ಲಿ, ಮನೆಯ ಅರ್ಥಿಂಗಿನಲ್ಲಿ ಅಥವಾ ಜೋಡಿಸಿದವರ ಅವಸರದಲ್ಲಿ ಇದ್ದರೂ ಅದು ಹೊರಗೆ ಕಾಣಿಸಿಕೊಳ್ಳುವುದು ರ್‍ಯಾಮಿನ ಹೆಸರಿನಲ್ಲಿಯೇ.

ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಹೊರಗಿನವರಿಗೂ ಹೆಸರು ಪರಿಚಿತವಾಗಿರುವ ತುಬಚಿಯಂಥ ಊರಿನಲ್ಲಿ ಈ ವ್ಯತ್ಯಾಸಕ್ಕೆ ಹಣದ ಬೆಲೆಯಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಕಪಾಟಿನಿಂದ ಇನ್ನೊಂದು ರ್‍ಯಾಮ್ ತೆಗೆದು ಹಾಕಿ ನೋಡಿ ಎರಡೇ ನಿಮಿಷದಲ್ಲಿ ಸಂಶಯ ಪರಿಹರಿಸಿಕೊಳ್ಳುತ್ತಾರೆ. ಕೊರಿಯರಿನಲ್ಲಿ ಭಾಗಗಳನ್ನು ತರಿಸಿಕೊಂಡು ಜೋಡಿಸಿದ ಹಳ್ಳಿಯ ವಿದ್ಯಾರ್ಥಿಗಾಗಲಿ, ಫ್ಲೆಕ್ಸ್ ಮುದ್ರಣದ ಸಣ್ಣ ಅಂಗಡಿಗಾಗಲಿ ಹಾಗೆ ಬದಲಿಸಿ ನೋಡುವ ಇನ್ನೊಂದು ಪಟ್ಟಿ ಮನೆಯಲ್ಲಿ ಇರುವುದಿಲ್ಲವಾದ್ದರಿಂದ, ಅವರು ಇರುವ ಭಾಗಗಳಿಂದಲೇ ತರ್ಕಿಸಬೇಕಾಗುತ್ತದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದ ಮೇಲಂತೂ, ಕೆಡದ ರ್‍ಯಾಮನ್ನು ಕೆಟ್ಟಿತೆಂದು ಬಿಸಾಡಿ ಹೊಸದನ್ನು ಕೊಳ್ಳುವುದು ದುಬಾರಿಯ ಅಜಾಗರೂಕತೆಯಾಗಿದೆ.

ಇಂದಿನ ರ್‍ಯಾಮಿನ ಮೂಲ ರಚನೆಯನ್ನು ಕಂಡುಹಿಡಿದವರು ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್. 1966ರಲ್ಲಿ ಹೊಳೆದ, 1968ರಲ್ಲಿ ಪೇಟೆಂಟು ಪಡೆದ ಅವರ ಕಲ್ಪನೆಯ ಪ್ರಕಾರ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡಲು ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಂಶವನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಂಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪಿನಲ್ಲಿ ಹಿಡಿಯುತ್ತಿದ್ದುದು 1024 ಬಿಟ್‌ಗಳು ಮಾತ್ರ. ಈ ಕೆಪಾಸಿಟರು ತಳ ಸೋರುವ ಕೊಡದಂಥದು. ತುಂಬಿದ ಮರುಗಳಿಗೆಯೇ ಸೋರತೊಡಗುವ ಕಾರಣ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ, ಪ್ರತಿಯೊಂದು ಸಾಲನ್ನೂ ಓದಿ ಮತ್ತೆ ತುಂಬಬೇಕಾಗುತ್ತದೆ. ಈ ಮರುತುಂಬುವಿಕೆಗೆ ರಿಫ್ರೆಶ್ ಎಂದು ಹೆಸರು. ಉಷ್ಣತೆ ಏರಿದಷ್ಟೂ ಸೋರಿಕೆ ಹೆಚ್ಚುವುದರಿಂದ ಚಿಪ್ಪಿನ ತಾಪ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂಬ ನಿಯಮವೂ ಉಂಟು. ರಬಕವಿ–ಬನಹಟ್ಟಿಯಂಥ ನೇಕಾರಿಕೆಯ ಊರುಗಳಿಗೆ ಪರಿಚಿತವಾದ ಜಕಾರ್ಡ್ ಯಂತ್ರದ ರಂಧ್ರಪಟ್ಟಿಯೂ ಒಂದು ಸ್ಮೃತಿಯೇ. ಅದರ ತೂತು ಕರೆಂಟು ಹೋದರೂ ಅಳಿಯದು, ತಪ್ಪಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ರ್‍ಯಾಮಿನ ತಪ್ಪು ಹಾಗೆ ಕಣ್ಣಿಗೆ ಬೀಳುವಂಥದಲ್ಲವಾದ್ದರಿಂದಲೇ ಅದರ ವಿಷಯದಲ್ಲಿ ಊಹಾಪೋಹ ಹೆಚ್ಚು.

ಗುಂಡಿ ಒತ್ತಿದ ಮೇಲೆ ನಡೆಯುವ ಕ್ರಮವನ್ನು ತಿಳಿದರೆ ಕಪ್ಪು ಪರದೆಯ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಗೋಡೆಯ ವಿದ್ಯುತ್ತನ್ನು ಕಡಿಮೆ ವೋಲ್ಟೇಜಿಗೆ ಇಳಿಸುವ ಎಸ್‌ಎಂಪಿಎಸ್ ತನ್ನ ಪೂರೈಕೆ ಸ್ಥಿರವಾಯಿತೆಂಬ ಸೂಚನೆಯನ್ನು ಮದರ್‌ಬೋರ್ಡಿಗೆ ಕೊಡುತ್ತದೆ. ಆಗ ಬೋರ್ಡಿನ ಫ್ಲಾಶ್ ಚಿಪ್ಪಿನಲ್ಲಿ ಬರೆದಿಟ್ಟ ಬಯೋಸ್ ಎಂಬ ಆರಂಭಿಕ ತಂತ್ರಾಂಶ ಕೆಲಸ ಶುರುಮಾಡಿ, ಪ್ರತಿ ರ್‍ಯಾಮ್ ಪಟ್ಟಿಯ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪಿನಿಂದ ಅದರ ಗಾತ್ರ, ವೇಗ, ವೋಲ್ಟೇಜುಗಳ ವಿವರವನ್ನು ಓದುತ್ತದೆ. ಅದಕ್ಕೆ ತಕ್ಕಂತೆ ಸ್ಮೃತಿಯನ್ನು ಹೊಂದಿಸುತ್ತದೆ. ಆ ಬಳಿಕವೇ ಗ್ರಾಫಿಕ್ಸ್ ಸಿದ್ಧವಾಗಿ ಪರದೆಯ ಮೇಲೆ ಅಕ್ಷರ ಮೂಡಲು ಸಾಧ್ಯ. ‘ಸ್ಮೃತಿ ಸಿಗುತ್ತಿಲ್ಲ’ ಎಂದು ಪರದೆಯ ಮೇಲೆ ಬರೆಯಬೇಕಾದರೂ ಮೊದಲು ಸ್ಮೃತಿ ಇರಬೇಕು. ಆದುದರಿಂದಲೇ ಈ ಹಂತದ ದೂರನ್ನು ಯಂತ್ರವು ಶಬ್ದದಿಂದ ಅಥವಾ ದೀಪದಿಂದ ಹೇಳುತ್ತದೆ. ಎಎಂಐ ಬಯೋಸಿನ ಹಳೆಯ ಸಂಕೇತಗಳಲ್ಲಿ ಮೂರು ಚಿಕ್ಕ ಬೀಪ್‌ಗಳೂ, ಅವಾರ್ಡ್ ಬಯೋಸಿನಲ್ಲಿ ಬಿಡದೆ ಮರುಕಳಿಸುವ ಉದ್ದ ಬೀಪ್‌ಗಳೂ ಸ್ಮೃತಿಯತ್ತ ಬೆರಳು ತೋರುತ್ತವೆ. ಈಚಿನ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿದ್ದು, ಎಲ್ಲಿ ತಡೆಯಾಗಿದೆಯೋ ಅಲ್ಲಿನ ದೀಪ ಉರಿಯುತ್ತ ನಿಲ್ಲುತ್ತದೆ. ಬೀಪ್ ಹೊಡೆಯುವ ಪುಟ್ಟ ಸ್ಪೀಕರನ್ನು ಬೋರ್ಡಿನ ಜೊತೆಗೆ ಕೊಡುವ ಪದ್ಧತಿ ಈಗ ಬಹುಮಟ್ಟಿಗೆ ನಿಂತಿದೆ. ಅತ್ಯಲ್ಪ ಬೆಲೆಯ ಆ ವಸ್ತುವನ್ನು ಬೇರೆಯಾಗಿ ತರಿಸಿಟ್ಟುಕೊಳ್ಳುವುದು ಲೇಸು.

ಡಿರ್‍ಯಾಮ್ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕೈ ಹಾಕಬೇಕಾಗಿಯೂ ಇಲ್ಲ. ಪ್ರೊಸೆಸರಿನಿಂದ ರ್‍ಯಾಮಿಗೆ ಹೋಗುವ ನೂರಾರು ತಾಮ್ರದ ಗೆರೆಗಳಲ್ಲಿ ಸಂಕೇತಗಳು ಸರಿಯಾದ ಕ್ಷಣಕ್ಕೆ ತಲುಪುವಂತೆ ಹೊಂದಿಸಿಕೊಳ್ಳುವ ಕ್ರಿಯೆಗೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. 2020ರ ಜುಲೈನಲ್ಲಿ ಜೆಡೆಕ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸಿದ ಡಿಡಿಆರ್5 ತಲೆಮಾರಿನಲ್ಲಿ ವೇಗ ಹೆಚ್ಚಾದಷ್ಟೂ ಈ ಹೊಂದಾಣಿಕೆ ಸೂಕ್ಷ್ಮವಾಗಿ, ಮೊದಲ ಸಲದ ಟ್ರೇನಿಂಗಿಗೆ ಹಲವು ನಿಮಿಷಗಳೇ ಹಿಡಿಯಬಹುದು. 2022ರ ಸೆಪ್ಟೆಂಬರಿನಲ್ಲಿ ಎಎಂಡಿಯ ರೈಜನ್ 7000 ಪ್ರೊಸೆಸರುಗಳ ಸರಣಿ ಬಂದ ಹೊಸದರಲ್ಲಿ, ಇದನ್ನು ಅರಿಯದ ಅನೇಕರು ನಡುವೆಯೇ ಕರೆಂಟು ತೆಗೆದು, ಮತ್ತೆ ಹಾಕಿ, ಮೊದಲಿನಿಂದ ಟ್ರೇನಿಂಗ್ ಶುರುವಾಗುವಂತೆ ಮಾಡಿ, ಕೊನೆಗೆ ಬೋರ್ಡನ್ನೇ ದೂರಿದರು. ಮೊದಲ ಸಲ ಗುಂಡಿ ಒತ್ತಿದ ಮೇಲೆ ಹತ್ತು ಹದಿನೈದು ನಿಮಿಷ ಏನೂ ಮಾಡದೆ ಬಿಡುವುದು, ವಿದ್ಯುತ್ ನಿಲ್ಲುವ ಸಮಯ ಗೊತ್ತಿರುವ ಊರುಗಳಲ್ಲಿ ಆ ಹೊತ್ತನ್ನು ತಪ್ಪಿಸುವುದು, ಅಥವಾ ಯುಪಿಎಸ್ ಮೂಲಕ ನಡೆಸುವುದು ವಿವೇಕದ ಕ್ರಮ.

ಕಾದರೂ ಫಲವಿಲ್ಲದಿದ್ದರೆ ಪ್ಲಗ್ಗನ್ನು ಕಿತ್ತು ಕೂರಿಸುವಿಕೆಯನ್ನು ನೋಡಬೇಕು. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಎರಡು ಪಟ್ಟಿಗಳಿದ್ದರೆ ಅವುಗಳ ಜಾಗ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು; ಬೋರ್ಡಿನ ಕೈಪಿಡಿಯಲ್ಲಿ ಇವನ್ನು ಎ2, ಬಿ2 ಎಂದು ಗುರುತಿಸಿರುತ್ತಾರೆ. ಒಂದೇ ಅಕ್ಷರದ ಅಕ್ಕಪಕ್ಕದ ಸ್ಲಾಟುಗಳಲ್ಲಿ ಕೂರಿಸಿದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಾಗಬೇಕಾದ ಸಂಚಾರ ಒಂದೇ ದಾರಿಗೆ ಇಳಿಯುತ್ತದೆ, ಕೆಲವು ಬೋರ್ಡುಗಳಲ್ಲಿ ಬೂಟೂ ಆಗುವುದಿಲ್ಲ. ಹೊಸ ಸ್ಲಾಟುಗಳು ಬಿಗಿಯಾಗಿರುವುದರಿಂದ ಜೋಡಿಸುವವರು ಬೋರ್ಡು ಬಿರಿದೀತೆಂಬ ಅಳುಕಿನಲ್ಲಿ ಅರೆಮನಸ್ಸಿನಿಂದ ಒತ್ತುವುದುಂಟು. ಒಂದೇ ಬದಿಗೆ ಕೊಂಡಿಯಿರುವ ಬೋರ್ಡುಗಳಲ್ಲಿ ಕೊಂಡಿಯ ಕಡೆ ‘ಟಕ್’ ಎಂದು ಕೂತರೂ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆದ್ದೇ ಉಳಿದಿರುತ್ತದೆ. ಬಂಗಾರದ ಬಣ್ಣದ ಸಂಪರ್ಕಗಳ ಸಾಲು ಒಂದು ತುದಿಯಲ್ಲಿ ತುಸು ಹೆಚ್ಚು ಹೊಳೆಯುತ್ತ ಕಾಣಿಸಿದರೆ ಪಟ್ಟಿ ಓರೆಯಾಗಿದೆ ಎಂದೇ ಅರ್ಥ. ಇದೇ ಹೊತ್ತಿಗೆ ಬೋರ್ಡಿನ 24 ಪಿನ್ನಿನ ಕೇಬಲನ್ನೂ, ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಕೇಬಲನ್ನೂ ನೋಡಿಕೊಳ್ಳುವುದು ಒಳ್ಳೆಯದು. ಎರಡನೆಯದನ್ನು ಮರೆತರೂ ಫ್ಯಾನುಗಳು ತಿರುಗುತ್ತವೆ, ಪರದೆ ಕಪ್ಪಾಗಿರುತ್ತದೆ, ಅಪವಾದ ರ್‍ಯಾಮಿನ ಮೇಲೆಯೇ ಬರುತ್ತದೆ.

ಸ್ಲಾಟಿಗೆ ಹಿಡಿಯುವುದೆಲ್ಲ ಹೊಂದುವುದೆಂದೂ ತಿಳಿಯಬಾರದು. ಡಿಡಿಆರ್3 ಪಟ್ಟಿಗೆ 240 ಸಂಪರ್ಕಗಳು, ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288. ಆದರೂ ತಳದ ಕಚ್ಚಿನ ಜಾಗ ಬೇರೆಬೇರೆಯಾಗಿರುವುದರಿಂದ ಒಂದು ತಲೆಮಾರಿನದು ಇನ್ನೊಂದರಲ್ಲಿ ಕೂರದು. 2021ರ ನವೆಂಬರಿನಲ್ಲಿ ಬಂದ ಇಂಟೆಲ್ 12ನೆಯ ತಲೆಮಾರಿನ ಪ್ರೊಸೆಸರು ಡಿಡಿಆರ್4, ಡಿಡಿಆರ್5 ಎರಡನ್ನೂ ಒಪ್ಪುತ್ತದೆಯಾದರೂ ಯಾವುದನ್ನು ಹಾಕಬೇಕೆಂಬುದನ್ನು ತೀರ್ಮಾನಿಸುವುದು ಬೋರ್ಡು. ನಿಜವಾದ ಮೋಸ ಅಡಗಿರುವುದು ಹಳೆಯ ಸಾಮಾನಿನ ಪೇಟೆಯಲ್ಲಿ. ಸರ್ವರುಗಳಿಂದ ಬಿಚ್ಚಿದ ರಿಜಿಸ್ಟರ್ಡ್ ಮಾದರಿಯ ಡಿಡಿಆರ್4 ಪಟ್ಟಿಗಳು ಅಗ್ಗವಾಗಿ ಸಿಗುತ್ತವೆ, ಮನೆಯ ಬೋರ್ಡಿನ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ, ಆದರೆ ಸಾಮಾನ್ಯ ಬೋರ್ಡಿನಲ್ಲಿ ಬೂಟ್ ಆಗುವುದಿಲ್ಲ. ಲೇಬಲ್ಲಿನ ಮೇಲಣ ಅಂಕಿಗಳ ಸಾಲಿನ ನಡುವೆ ‘ಯು’ ಬದಲಾಗಿ ‘ಆರ್’ ಅಕ್ಷರವಿರುವುದು, ಪಟ್ಟಿಯ ನಡುಮಧ್ಯೆ ಒಂದು ಹೆಚ್ಚಿನ ಚಿಪ್ಪಿರುವುದು ಇವುಗಳ ಗುರುತು. ಹಾಗೆಯೇ ಡಿಡಿಆರ್3ರಲ್ಲಿ ‘ಎಎಂಡಿಗೆ ಮಾತ್ರ’ ಎಂದು ಮಾರುವ ಪಟ್ಟಿಗಳು ಇಂಟೆಲ್ಲಿನ ಎಚ್61ರಂಥ ಬೋರ್ಡಿನಲ್ಲಿ ಡಿಸ್‌ಪ್ಲೇ ಕೊಡುವುದಿಲ್ಲ. ಇಂಥ ಪಟ್ಟಿ ಕೆಟ್ಟದ್ದಲ್ಲ. ಬಂದು ಸೇರಿದ ಜಾಗ ಅದರದಲ್ಲ, ಅಷ್ಟೇ.

ರಬ್ಬರಿನಿಂದ ಉಜ್ಜುವ ವಿಷಯಕ್ಕೆ ಬರುವುದಾದರೆ, ಶಾಲೆಯ ಮಕ್ಕಳ ರಬ್ಬರಿನಿಂದ ರ್‍ಯಾಮಿನ ಸಂಪರ್ಕಗಳನ್ನು ಉಜ್ಜಿ ಹಾಕುವ ಉಪಾಯ ಈ ಭಾಗದ ಪ್ರತಿಯೊಂದು ಕಂಪ್ಯೂಟರ್ ಅಂಗಡಿಗೂ ಗೊತ್ತು, ಅದರಿಂದ ಯಂತ್ರಗಳು ಎದ್ದು ಕೂತದ್ದೂ ಉಂಟು. ಆದರೆ ಕೀರ್ತಿಯ ಬಹುಪಾಲು ಸಲ್ಲಬೇಕಾದದ್ದು ರಬ್ಬರಿಗಲ್ಲ, ಪಟ್ಟಿಯನ್ನು ತೆಗೆದು ಮತ್ತೆ ಒತ್ತಿ ಕೂರಿಸಿದ ಕ್ರಿಯೆಗೆ: ಸ್ಲಾಟಿನ ಒಳಗಿನ ಸ್ಪ್ರಿಂಗಿನಂಥ ಪಿನ್ನುಗಳು ಪಟ್ಟಿ ಒಳಗಿಳಿಯುವಾಗ ಸಂಪರ್ಕಗಳ ಮೈಯನ್ನು ಕೆರೆದು, ಅಲ್ಲಿ ಕಟ್ಟಿದ ತೆಳುಪೊರೆಯನ್ನು ತಾವೇ ಒರೆಸುತ್ತವೆ. ಸಂಪರ್ಕದ ಮೇಲಿನ ಬಂಗಾರದ ಲೇಪ ಒಂದು ಮೈಕ್ರಾನಿಗೂ ಕಡಿಮೆ ದಪ್ಪದ್ದಾಗಿದ್ದು, ಗರಸು ರಬ್ಬರಿನಿಂದ ಮತ್ತೆಮತ್ತೆ ಉಜ್ಜಿದರೆ ಲೇಪ ಸವೆದು ಒಳಗಿನ ನಿಕ್ಕಲ್ಲು ಬಯಲಾಗುತ್ತದೆ, ಉದುರಿದ ಪುಡಿ ಸ್ಲಾಟಿಗೆ ಸೇರುತ್ತದೆ. ಎಳೆ ಬಿಡದ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ತೊಯಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸುವುದು ಮೇಲು. ಸ್ಲಾಟಿಗೆ ಬಾಯಿಂದ ಊದುವುದಂತೂ ಧೂಳಿನ ಜೊತೆಗೆ ಎಂಜಲಿನ ತೇವವನ್ನೂ ಕೂಡಿಸಿದಂತೆ.

ತರ್ಕದ ಹೃದಯವಿರುವುದು ಒಂದೊಂದನ್ನೇ ಬದಲಿಸುವುದರಲ್ಲಿ. ಎರಡು ಪಟ್ಟಿಗಳಲ್ಲಿ ಒಂದನ್ನೇ ಉಳಿಸಿಕೊಂಡು ಎ2ರಲ್ಲಿ ಹಾಕಿ ನೋಡಬೇಕು. ಆಗದಿದ್ದರೆ ಅದೇ ಪಟ್ಟಿಯನ್ನು ಬಿ2ರಲ್ಲಿ, ಬಳಿಕ ಇನ್ನೊಂದು ಪಟ್ಟಿಯನ್ನು ಇದೇ ಕ್ರಮದಲ್ಲಿ ನೋಡಿ, ಫಲವನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಒಂದು ಪಟ್ಟಿ ಎಲ್ಲಿ ಹಾಕಿದರೂ ಸೋತು, ಇನ್ನೊಂದು ಎಲ್ಲಿ ಹಾಕಿದರೂ ಗೆದ್ದರೆ ಮಾತ್ರ ‘ರ್‍ಯಾಮ್ ಹೋಗೇತಿ’ ಎಂಬ ಮಾತು ನಿಲ್ಲುತ್ತದೆ. ಎರಡೂ ಪಟ್ಟಿಗಳು ಬಿ ಸ್ಲಾಟುಗಳಲ್ಲಿ ನಡೆದು ಎ ಸ್ಲಾಟುಗಳಲ್ಲಿ ಸೋತರೆ, ದೋಷ ಆ ದಾರಿಯಲ್ಲಿದೆ. ಆ ದಾರಿಯ ಇನ್ನೊಂದು ತುದಿಯಿರುವುದು ಪ್ರೊಸೆಸರಿನಲ್ಲಿ. ಸ್ಮೃತಿಯನ್ನು ನಿಯಂತ್ರಿಸುವ ಭಾಗ ಮೊದಲು ಬೋರ್ಡಿನ ಬೇರೊಂದು ಚಿಪ್ಪಿನಲ್ಲಿ ಇರುತ್ತಿದ್ದು, ಎಎಂಡಿ 2003ರಲ್ಲಿಯೂ ಇಂಟೆಲ್ 2008ರಲ್ಲಿಯೂ ತಮ್ಮ ಮನೆಬಳಕೆಯ ಪ್ರೊಸೆಸರುಗಳೊಳಗೆ ಅದನ್ನು ಸೇರಿಸಿಕೊಂಡ ಮೇಲೆ, ರ್‍ಯಾಮಿನ ಪ್ರತಿ ಗೆರೆಯೂ ಪ್ರೊಸೆಸರಿನ ಸಾಕೆಟ್ಟಿನ ಪಿನ್ನುಗಳಲ್ಲಿ ಹಾದು ಹೋಗುತ್ತದೆ. ಎಲ್‌ಜಿಎ 1700 ಎಂಬ ಇಂಟೆಲ್ ಸಾಕೆಟ್ಟಿನಲ್ಲಿ 1700 ಸಣ್ಣ ಪಿನ್ನುಗಳೂ ಎಎಂಡಿಯ ಎಎಂ5ರಲ್ಲಿ 1718 ಪಿನ್ನುಗಳೂ ಇದ್ದು, ಪ್ರೊಸೆಸರು ಇಡುವಾಗ ಒಂದು ಬಾಗಿದರೂ ಒಂದು ದಾರಿ ಮುಚ್ಚಿಹೋಗಬಹುದು. ಕೂಲರಿನ ಸ್ಕ್ರೂಗಳನ್ನು ಒಂದೇ ಬದಿಗೆ ಬಿಗಿಯಾಗಿ ತಿರುಗಿಸಿದಾಗಲೂ ಒತ್ತಡ ಓರೆಯಾಗಿ, ಒಂದು ಪಟ್ಟಿ ಇದ್ದಕ್ಕಿದ್ದಂತೆ ‘ಕಾಣೆಯಾಗುವುದು’ ಬಲ್ಲವರಿಗೆ ಹಳೆಯ ಸಂಗತಿ. ಸ್ಕ್ರೂಗಳನ್ನು ತುಸು ಸಡಿಲಿಸಿ, ಎದುರುಬದುರಾಗಿ ಸಮನಾಗಿ ಬಿಗಿದರೆ ರ್‍ಯಾಮ್ ಮರಳಿ ಬರುತ್ತದೆ.

ಹಿಂದೆ ಕೆಲಸ ಮಾಡುತ್ತಿದ್ದ ಯಂತ್ರವು ವೇಗದ ಸೆಟ್ಟಿಂಗು ಬದಲಿಸಿದ ಮೇಲೆ ನಿಂತಿದ್ದರೆ ದಾರಿ ಇನ್ನೂ ಹತ್ತಿರದ್ದು. ಪಟ್ಟಿಯ ಡಬ್ಬಿಯ ಮೇಲೆ ಮುದ್ರಿಸಿದ ಹೆಚ್ಚಿನ ವೇಗ ಇಂಟೆಲ್ಲಿನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ಎಂಬ ಸಿದ್ಧ ಸೆಟ್ಟಿಂಗನ್ನು ಆರಿಸಿದಾಗ ಮಾತ್ರ ದೊರೆಯುವಂಥದು. ಪ್ರೊಸೆಸರು ಅದನ್ನು ತಾಳಿಕೊಳ್ಳುತ್ತದೆಂಬ ಖಾತರಿ ಇಲ್ಲ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳಿದ ವೇಗವು ಎರಡು ಪಟ್ಟಿಗಳಿದ್ದಾಗ 5200, ನಾಲ್ಕಿದ್ದಾಗ 3600 ಮಾತ್ರ. ಎರಡು ಜೊತೆಗಳನ್ನು ಬೇರೆಬೇರೆ ಕಾಲಕ್ಕೆ ಕೊಂಡು ನಾಲ್ಕನ್ನೂ ತುಂಬಿ 6000ರ ವೇಗ ಬಯಸಿದವರ ಪರದೆ ಕಪ್ಪಾಗುವುದರಲ್ಲಿ ರ್‍ಯಾಮಿನ ತಪ್ಪೇನೂ ಇಲ್ಲ. ಈ ಸೆಟ್ಟಿಂಗುಗಳನ್ನು ಅಳಿಸಿ ಮೊದಲಿನಂತೆ ಮಾಡುವುದಕ್ಕೆ ಸಿಮಾಸ್ ತೆರವು ಎನ್ನುತ್ತಾರೆ: ಪ್ಲಗ್ಗು ಕಿತ್ತು, ಕೈಪಿಡಿಯಲ್ಲಿ ತೋರಿಸಿದ ಎರಡು ಪಿನ್ನುಗಳನ್ನು ಕೆಲವು ಸೆಕೆಂಡು ಜೋಡಿಸುವುದು, ಅಥವಾ ಗೋಡೆ ಗಡಿಯಾರದ ಸೆಲ್ಲಿಗಿಂತ ಚಪ್ಪಟೆಯಾದ, ಸಿಆರ್2032 ಎಂಬ 3 ವೋಲ್ಟಿನ ಸೆಲ್ಲನ್ನು ಕೆಲ ನಿಮಿಷ ಹೊರಗಿಡುವುದು. ತೆರವಾದ ಮೇಲೆ ಟ್ರೇನಿಂಗ್ ಮತ್ತೆ ನಡೆಯುವುದರಿಂದ ಮತ್ತೊಮ್ಮೆ ಕಾಯಬೇಕು. ಬೋರ್ಡಿನ ಬಯೋಸು ಪ್ರೊಸೆಸರಿಗಿಂತ ಹಳೆಯದಾಗಿದ್ದರೆ ಪ್ರೊಸೆಸರ್, ರ್‍ಯಾಮ್ ಎರಡೂ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸನ್ನು ಹೊಸದಾಗಿಸುವ ಗುಂಡಿ ಈಗಿನ ಅನೇಕ ಬೋರ್ಡುಗಳ ಹಿಂಬದಿಯಲ್ಲಿದೆ.

ಇವೆಲ್ಲ ಎಲ್ಲ ಊರಿಗೂ ಅನ್ವಯಿಸುವ ಮಾತುಗಳು. ಕೃಷ್ಣಾ–ಘಟಪ್ರಭಾ ನಡುವಿನ ಈ ನಾಲ್ಕು ತಾಲ್ಲೂಕುಗಳಲ್ಲಿ ಇವುಗಳ ಜೊತೆಗೆ ಗಣಿಸಬೇಕಾದ ಒಂದೆರಡು ಸಂಗತಿಗಳಿವೆ, ಅವುಗಳಲ್ಲಿ ಮೊದಲನೆಯದು ಅರ್ಥಿಂಗ್. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದರೆ ಕೈ ಜುಂ ಎನ್ನುವ ಅನುಭವ ಅನೇಕ ಮನೆಗಳಲ್ಲಿ ಸಾಮಾನ್ಯವಾಗಿದ್ದು, ಅದನ್ನು ಎಸ್‌ಎಂಪಿಎಸ್ಸಿನ ದೋಷವೆಂದು ತಿಳಿಯುವವರೇ ಹೆಚ್ಚು. ವಸ್ತುಸ್ಥಿತಿ ಬೇರೆ: ವಿದ್ಯುತ್ತಿನ ಗದ್ದಲವನ್ನು ಸೋಸಲು ಎಸ್‌ಎಂಪಿಎಸ್ಸಿನ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಒಂದೊಂದು ಸಣ್ಣ ಕೆಪಾಸಿಟರನ್ನು ಕಟ್ಟಿರುತ್ತಾರೆ, ಮೂರನೆಯ ತಂತಿಗೆ ನೆಲದ ಸಂಪರ್ಕವಿಲ್ಲದಿದ್ದರೆ ಕ್ಯಾಬಿನೆಟ್ಟು ಪೂರೈಕೆಯ ಸರಿಸುಮಾರು ಅರ್ಧ ವೋಲ್ಟೇಜಿನಲ್ಲಿ, ಎಂದರೆ 115 ವೋಲ್ಟಿನ ಆಸುಪಾಸಿನಲ್ಲಿ, ತೇಲುತ್ತ ನಿಲ್ಲುತ್ತದೆ. ಹರಿಯುವ ಕರೆಂಟು ಅತ್ಯಲ್ಪವಾದರೂ, ಇಂಥ ಯಂತ್ರಕ್ಕೆ ಪ್ಲಗ್ಗು ಹಾಕಿಯೇ ಇಟ್ಟು ರ್‍ಯಾಮ್ ಕೀಳುವುದು, ಸರಿಯಾದ ಅರ್ಥಿಂಗಿರುವ ಬೇರೊಂದು ಸಾಧನದ ಕೇಬಲನ್ನು ಸಿಕ್ಕಿಸುವುದು ಅಪಾಯಕರ. ತೋಡಿ ಇದ್ದಲಿ ಮತ್ತು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿ ಕೆಲಸ ಮಾಡಿದರೂ, ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರುಕುಬಿಟ್ಟು ಲೋಹದ ಕೊಳವೆಯಿಂದ ದೂರ ಸರಿಯುವುದರಿಂದ ಅದರ ಪ್ರತಿರೋಧ ಏರುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕೆಂಬ ಹಿರಿಯ ಲೈನ್‌ಮನ್ನರ ಮಾತಿನ ಹಿಂದಿರುವ ಕಾರಣ ಇದೇ. ಒಣಹವೆಯ ಫೆಬ್ರುವರಿಯಿಂದ ಮೇ ತನಕ ಸ್ಥಾಯೀ ವಿದ್ಯುತ್ತೂ ಹೆಚ್ಚು. ಸುಮಾರು 3000 ವೋಲ್ಟಿಗಿಂತ ಕಡಿಮೆಯ ಕಿಡಿ ಮನುಷ್ಯನ ಬೆರಳಿಗೆ ಗೊತ್ತೇ ಆಗುವುದಿಲ್ಲ, ಚಿಪ್ಪಿಗಾದರೋ ಅದಕ್ಕಿಂತ ಬಹಳ ಕಡಿಮೆಯೂ ಸಾಕು. ಪಾಲಿಯೆಸ್ಟರ್ ಬಟ್ಟೆ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಜೋಡಿಸುವವರು ರ್‍ಯಾಮಿನ ಅಂಚನ್ನು ಹಿಡಿಯಬೇಕೇ ಹೊರತು ಸಂಪರ್ಕಗಳನ್ನು ಮುಟ್ಟಬಾರದು.

ಎರಡನೆಯದು ಮಗ್ಗದ ಊರುಗಳ ಗಾಳಿ. ವಿದ್ಯುನ್ಮಗ್ಗಗಳಿಂದ ಹಾರುವ ನೂಲಿನ ನವಿರು ಎಳೆಗಳು ಕೂಲರಿನ ರೆಕ್ಕೆಗಳ ನಡುವೆ ದಟ್ಟ ಪದರವಾಗಿ ಕೂತು, ನಲವತ್ತು ಡಿಗ್ರಿಯ ಬೇಸಿಗೆಯಲ್ಲಿ ಕ್ಯಾಬಿನೆಟ್ಟಿನ ಒಳಗಿನ ಬಿಸಿಯನ್ನು ಹೊರಹೋಗಗೊಡುವುದಿಲ್ಲ. ಖಾಲಿ ಸ್ಲಾಟುಗಳಲ್ಲಿ ಕೂತ ಎಳೆಗಳು ಮುಂದೆ ಅಲ್ಲಿ ಹಾಕುವ ಪಟ್ಟಿಯ ಸಂಪರ್ಕವನ್ನು ಕೆಡಿಸುತ್ತವೆ. ನದಿದಂಡೆಯ ಊರುಗಳಿಗೆ 2019ರ ಆಗಸ್ಟಿನ ಪ್ರವಾಹ ಇನ್ನೂ ನೆನಪಿದೆ. ನೀರು ಹೊಕ್ಕ ಕಂಪ್ಯೂಟರಿಗೆ ಒಣಗಿತೆಂದು ಕರೆಂಟು ಕೊಡುವ ಮೊದಲು ಆ ಸಿಆರ್2032 ಸೆಲ್ಲನ್ನು ಕಿತ್ತಿಡಬೇಕು. ಪ್ಲಗ್ಗು ಇಲ್ಲದಿದ್ದರೂ ಅದು ಬೋರ್ಡಿಗೆ ವೋಲ್ಟೇಜು ಕೊಡುತ್ತಲೇ ಇದ್ದು, ತೇವದಲ್ಲಿ ತಾಮ್ರದ ಗೆರೆಗಳನ್ನು ಕೊರೆಯುತ್ತಿರುತ್ತದೆ.

ಬೂಟ್ ಆದ ಮೇಲೆಯೂ ರ್‍ಯಾಮಿನ ಸಂಶಯ ಉಳಿದರೆ, ಎಂದರೆ ವಿಂಡೋಸ್ ಅಳವಡಿಸುವಾಗ ನಡುವೆ ನೀಲಿ ಪರದೆ ಬಂದರೆ ಅಥವಾ ದೊಡ್ಡ ಕಡತಗಳು ಬಿಚ್ಚುವಾಗ ಕೆಟ್ಟರೆ, ಪರೀಕ್ಷಿಸಲು ಮೆಮ್‌ಟೆಸ್ಟ್86 ಎಂಬ ತಂತ್ರಾಂಶವಿದೆ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಇದೂ, ಇದರಿಂದ ಕವಲೊಡೆದ ಉಚಿತವಾದ ಮೆಮ್‌ಟೆಸ್ಟ್86 ಪ್ಲಸ್ಸೂ ಪೆನ್‌ಡ್ರೈವಿನಿಂದ ನೇರವಾಗಿ ಎದ್ದು, ತಾವು ತಲುಪಬಲ್ಲ ಸ್ಮೃತಿಯ ಮನೆಗಳಿಗೆಲ್ಲ ಬೇರೆಬೇರೆ ವಿನ್ಯಾಸಗಳನ್ನು ಬರೆದು ಓದಿ ಹೋಲಿಸುತ್ತವೆ. ಪಟ್ಟಿಗಳು ಕೆಡುವುದೇ ಇಲ್ಲವೆಂದಲ್ಲ: ಗೂಗಲ್ಲಿನ ಸರ್ವರುಗಳ ದಾಖಲೆಗಳನ್ನು ಆಧರಿಸಿ ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ಕ್ಕೂ ಹೆಚ್ಚು ಪಟ್ಟಿಗಳಲ್ಲಿ ದೋಷ ಕಂಡುಬಂದಿತ್ತು, ಅವುಗಳಲ್ಲಿ ಹೆಚ್ಚಿನವು ಆಕಸ್ಮಿಕವಾಗಿರದೆ ಯಂತ್ರಾಂಶದ ಕೆಡುಕಿನಿಂದ ಮರುಕಳಿಸುವಂಥವು. ಆಕಸ್ಮಿಕ ದೋಷಗಳ ಕಥೆ ಬೇರೆಯೇ ಇದೆ. ಚಿಪ್ಪಿನ ಹೊದಿಕೆಯಲ್ಲಿದ್ದ ವಿಕಿರಣಶೀಲ ಕಲ್ಮಶದಿಂದ ಹೊರಟ ಆಲ್ಫಾ ಕಣಗಳು ಬಿಟ್‌ಗಳನ್ನು ತಿರುಚುತ್ತವೆಂದು ಇಂಟೆಲ್ಲಿನ ತಿಮೊಥಿ ಮೇ, ಮರೆ ವುಡ್ಸ್ 1978ರಲ್ಲಿ ತೋರಿಸಿಕೊಟ್ಟಿದ್ದರು. ಮರುಕಳಿಸುವ ದೋಷಕ್ಕಾದರೋ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಗುಣವಿದೆ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ನಿಲ್ಲಿಸಿ, ಒಂದೊಂದೇ ಪಟ್ಟಿಯನ್ನು ಇಟ್ಟು, ಕನಿಷ್ಠ ನಾಲ್ಕು ಸುತ್ತು ಮುಗಿಯುವ ತನಕ, ಬೇಕಾದರೆ ರಾತ್ರಿಯಿಡೀ, ಓಡಿಸಬೇಕು. ಒಂದೇ ಒಂದು ತಪ್ಪು ಕಂಡರೂ ಆ ಪಟ್ಟಿ ನಪಾಸು.

ಹಾಗೆ ನಪಾಸಾದ ಪಟ್ಟಿಗೆ ತಯಾರಕರು ಅನೇಕ ಸಲ ಹತ್ತು ವರ್ಷ ಅಥವಾ ಜೀವಾವಧಿಯ ವಾರಂಟಿ ಕೊಟ್ಟಿರುತ್ತಾರೆ. ತಪ್ಪುಗಳ ಸಂಖ್ಯೆ ಕಾಣುವಂತೆ ಪರೀಕ್ಷೆಯ ಪರದೆಯ ಫೋಟೊವನ್ನೂ ಕೊಂಡಾಗಿನ ಬಿಲ್ಲನ್ನೂ ಇಟ್ಟುಕೊಂಡಿರಬೇಕು. ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬಂದ ಪಟ್ಟಿಗಳಲ್ಲಿ ಕೆಟ್ಟದ್ದು ಒಂದೇ ಆದರೂ ಹಲವು ಕಂಪನಿಗಳು ಎರಡನ್ನೂ ಕೂಡಿಯೇ ಕೇಳುವುದರಿಂದ, ಒಳ್ಳೆಯದನ್ನು ಬೇರೊಂದು ಯಂತ್ರಕ್ಕೆ ಹಾಕಿ ಕೆಟ್ಟದ್ದನ್ನಷ್ಟೇ ಕಳುಹಿಸುವ ಯೋಚನೆಯನ್ನು ಬದಲಿ ಬರುವ ತನಕ ಬಿಡಬೇಕಾಗುತ್ತದೆ.